ನ್ಯಾಯಸ್ಥಾನದ ಕೆಲವು ಮಾತುಗಳ ಪೂರ್ವವೃತ್ತಾಂತ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಹೆದ್ದಾರಿಯ ಮೇಲೆ ಕಮಲಾಪುರವೆಂಬ ಊರುಂಟು. ಕೆಂಪು ಬಾಳೆಯ ಹಣ್ಣಿಗೆ ಹೆಸರಾದ ಈ ಊರು ಬಹುಕಾಲ ಕಲಬುರಗಿ ತಾಲೂಕಿಗೆ ಸೇರಿದ್ದು, 2018ರಲ್ಲಿ ತಾನೇ ಒಂದು ತಾಲೂಕಿನ ಮುಖ್ಯಸ್ಥಳವಾಯಿತು. ಇಲ್ಲಿಯ ಒಕ್ಕಲಿಗನು ಹೊಲದ ಬದುವಿನ ವಿಷಯವಾಗಿ ಕಲಬುರಗಿಯ ಕೋರ್ಟಿಗೆ ಅಲೆದು ಬಂದು ನೆರೆಯವನಿಗೆ ಆ ಸಂಗತಿಯನ್ನು ಹೇಳಬೇಕಾದರೆ ಅವನ ಮಾತು ಸುಮಾರಾಗಿ ಹೀಗಿರುವುದು: “ಬದುವಿನ ತಕರಾರಿತ್ತು, ವಕೀಲರ ಕಡಿಂದ ದಾವಾ ಹಾಕಿಸಿದೆ, ಎದುರಿನವಗ ಸಮನ್ಸು ಜಾರಿ ಆತು, ನಾಕು ವಾಯಿದಾ ಬಿದ್ದವು, ಸಾಕ್ಷಿದಾರರು ಹಾಜರಾದರು, ತೀರ್ಪು ನಮ್ಮ ಕಡಿ ಆತು.” ಇದರಲ್ಲಿ ಅರ್ಥವಾಗದ ಮಾತು ಒಂದೂ ಇಲ್ಲ. ಆದರೆ ಮಾತುಗಳ ಹುಟ್ಟೂರನ್ನು ಕೇಳುತ್ತ ಹೋದರೆ ತಕರಾರು, ವಕೀಲ, ದಾವಾ, ಜಾರಿ, ವಾಯಿದಾ, ಹಾಜರು ಎಂಬಿವೆಲ್ಲ ಅರಬೀ ಭಾಷೆಯವು, ಸಮನ್ಸು ಲ್ಯಾಟಿನಿನಲ್ಲಿ ಹುಟ್ಟಿ ಇಂಗ್ಲಿಷಿನ ಮೂಲಕ ಬಂದುದು, ಸಾಕ್ಷಿಯೆಂಬುದು ಸಂಸ್ಕೃತ, ಅದಕ್ಕೆ ಅಂಟಿಕೊಂಡ ‘ದಾರ’ವು ಪಾರ್ಸಿ, ಬದುವೂ ತೀರ್ಪೂ ಮಾತ್ರ ಕನ್ನಡದವು. ಜಗಳದ ಮೊದಲೂ ಕೊನೆಯೂ ಕನ್ನಡವಾಗಿ, ನಡುವಣ ದಾರಿಯೆಲ್ಲ ಪರಭಾಷೆಯಾಗಿರುವುದು.

ಈ ಸಂಗತಿಯು ಬೇರೆ ಯಾವ ಸೀಮೆಯಲ್ಲಾದರೂ ಸಾಮಾನ್ಯವೇ ಎಂದು ಬಿಡಬಹುದಾಗಿತ್ತು. ಆದರೆ ಕಮಲಾಪುರದ ಮೇಲೆ ಹಾಯ್ದ ದಾರಿಯು ಹುಮನಾಬಾದಿನಲ್ಲಿ ಪಶ್ಚಿಮಕ್ಕೆ ತಿರುಗಿದರೆ ಕಲ್ಯಾಣಕ್ಕೆ ಮುಟ್ಟುವುದು. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಆಳಿದುದು ಆ ಪಟ್ಟಣದಿಂದ. ಪದ್ಮನಾಭ ಭಟ್ಟೋಪಾಧ್ಯಾಯನ ಮಗನಾದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದುದು ಆ ರಾಜನ ಕಾಲದಲ್ಲಿ. ಗ್ರಂಥದ ಕೊನೆಯಲ್ಲಿ ಆತನು ಆ ಪಟ್ಟಣವನ್ನೂ ಆ ರಾಜನನ್ನೂ ಕೊಂಡಾಡಿರುವನು. ಕಲಬುರಗಿ ಜಿಲ್ಲೆಯ ಮರ್ತೂರನ್ನು ಆತನ ಸ್ಥಳವೆಂದು ಜಿಲ್ಲೆಯ ಜನರು ಇಂದಿಗೂ ಗೌರವಿಸುವರು. ನ್ಯಾಯಸ್ಥಾನದಲ್ಲಿ ವಾದಿಯು ಹೇಗೆ ಹೇಳಬೇಕು, ಪ್ರತಿವಾದಿಯು ಹೇಗೆ ಉತ್ತರ ಕೊಡಬೇಕು, ಯಾವುದು ಪ್ರಮಾಣ, ಯಾವುದಲ್ಲ ಎಂಬುದನ್ನು ಇಡೀ ಭರತಖಂಡಕ್ಕೆ ತಿಳಿಸಿದ ಗ್ರಂಥವು ಹುಟ್ಟಿದ ನಾಡಿನಲ್ಲಿಯೇ ಆ ಗ್ರಂಥದ ಮಾತುಗಳು ಬಹುಮಟ್ಟಿಗೆ ಮರೆತುಹೋದುದು ಹೇಗೆ ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಮಿತಾಕ್ಷರೆಯಲ್ಲಿ ನ್ಯಾಯವಿಚಾರಣೆಗೆ ‘ವ್ಯವಹಾರ’ವೆಂದು ಹೆಸರು. ‘ವಿ’ ಎಂದರೆ ನಾನಾ ಬಗೆಯ, ‘ಅವ’ ಎಂದರೆ ಸಂದೇಹ, ‘ಹಾರ’ ಎಂದರೆ ಹೋಗಲಾಡಿಸುವುದು ಎಂದು ಕಾತ್ಯಾಯನನು ಈ ಪದವನ್ನು ಬಿಡಿಸಿರುವನು. ವ್ಯಾಕರಣಕ್ಕಿಂತ ಇದರಲ್ಲಿ ಬುದ್ಧಿವಂತಿಕೆಯೇ ಹೆಚ್ಚೆನ್ನಬಹುದು. ಆದರೂ ವಿಚಾರಣೆಯ ಗುರಿಯು ಗೆಲವಲ್ಲ, ಸಂದೇಹನಿವಾರಣೆಯೆಂಬ ಅಭಿಪ್ರಾಯವು ಅದರಲ್ಲಿ ಅಡಗಿರುವುದು. ಇಂದಿನ ಕನ್ನಡದಲ್ಲಿ ವ್ಯವಹಾರವೆಂದರೆ ಕೊಡುಕೊಳ್ಳುವಿಕೆ. ನ್ಯಾಯಾಲಯವು ಕಳೆದುಕೊಂಡ ಪದವನ್ನು ಅಂಗಡಿಯು ಇಟ್ಟುಕೊಂಡಿತು.

ವ್ಯವಹಾರಕ್ಕೆ ನಾಲ್ಕು ಪಾದಗಳು. ವಾದಿಯ ಹೇಳಿಕೆಯು ‘ಭಾಷಾ’, ಪ್ರತಿವಾದಿಯದು ‘ಉತ್ತರ’, ಪ್ರಮಾಣಗಳನ್ನು ತೋರಿಸುವುದು ‘ಕ್ರಿಯಾ’, ಹೇಳಿದುದು ಸಿದ್ಧವಾಗುವುದು ‘ಸಾಧ್ಯಸಿದ್ಧಿ’. ವಾದಿಯು ಹೇಳಿದುದನ್ನು ಪ್ರತಿವಾದಿಯ ಎದುರಿನಲ್ಲಿಯೇ, ವರ್ಷ ಮಾಸ ಪಕ್ಷ ದಿನಗಳನ್ನೂ ಹೆಸರು ಜಾತಿಗಳನ್ನೂ ಸೇರಿಸಿ ಬರೆದುಕೊಳ್ಳಬೇಕು. ಉತ್ತರವನ್ನು ವಾದಿಯ ಎದುರಿನಲ್ಲಿ ಬರೆದುಕೊಳ್ಳಬೇಕು. ಮೊದಲು ನೆಲದ ಮೇಲೋ ಹಲಗೆಯ ಮೇಲೋ ಸುಣ್ಣದ ಕಡ್ಡಿಯಿಂದ ಬರೆದ ‘ಪಾಂಡುಲೇಖ’ವನ್ನು ತಿದ್ದಿ, ಬಳಿಕ ಪತ್ರಕ್ಕೆ ಏರಿಸಬೇಕು. ಉತ್ತರವು ಬರುವ ವರೆಗೆ ವಾದಿಯು ತನ್ನ ಮಾತನ್ನು ತಿದ್ದಿಕೊಳ್ಳಬಹುದು, ಬಂದ ಮೇಲೆ ಕೂಡದು. ಉತ್ತರದಲ್ಲಿಯೂ ನಾಲ್ಕು ಬಗೆ. ಒಪ್ಪಿಕೊಳ್ಳುವುದು ‘ಸತ್ಯ’, ಅಲ್ಲಗಳೆಯುವುದು ‘ಮಿಥ್ಯಾ’, “ಹಣ ಪಡೆದುದು ನಿಜ, ಆದರೆ ಹಿಂದಿರುಗಿಸಿದ್ದೇನೆ” ಎಂಬಂಥದು ‘ಪ್ರತ್ಯವಸ್ಕಂದನ’, “ಇದೇ ವಿಷಯದಲ್ಲಿ ಇವನು ಹಿಂದೆ ನನ್ನೆದುರು ಸೋತಿದ್ದಾನೆ” ಎಂಬುದು ‘ಪ್ರಾಙ್ನ್ಯಾಯ’. ಒಮ್ಮೆ ತೀರಿದ ವಿವಾದವನ್ನು ಮತ್ತೆ ಕೆದಕಬಾರದೆಂದು ಇಂದಿನ ವಕೀಲರು ಲ್ಯಾಟಿನ್ ಹೆಸರಿನಿಂದ ಎತ್ತುವ ತಕರಾರು ಈ ನಾಲ್ಕನೆಯದೇ.

ಒಳ್ಳೆಯ ಉತ್ತರವು ಹೇಗಿರಬೇಕೆಂಬಲ್ಲಿ ಸ್ಮೃತಿಕಾರರು ಹೇಳಿದ ಲಕ್ಷಣಗಳಲ್ಲಿ ‘ಅವ್ಯಾಖ್ಯಾಗಮ್ಯ’ ಎಂಬುದೊಂದು. ಎಂದರೆ ಮತ್ತೊಬ್ಬರು ವಿವರಿಸದೆಯೇ ತಿಳಿಯುವಂತಹದು. ಈ ಒಂದು ಪದವನ್ನು ವಿಜ್ಞಾನೇಶ್ವರನು ಬಿಡಿಸಿರುವ ರೀತಿಯು ಗಮನಿಸತಕ್ಕದ್ದು. ಪ್ರಸಿದ್ಧವಲ್ಲದ ಪದಗಳಿಂದಾಗಲಿ, ತೊಡಕಾದ ವಿಭಕ್ತಿ ಸಮಾಸಗಳಿಂದಾಗಲಿ, ಬೇರೊಂದು ದೇಶದ ಭಾಷೆಯಲ್ಲಿ ನುಡಿದುದರಿಂದಾಗಲಿ ವ್ಯಾಖ್ಯಾನವನ್ನು ಬೇಡುವಂತಾದ ಉತ್ತರವು ಸದುತ್ತರವಲ್ಲವೆಂಬುದು ಆತನ ಮತ. ಸಂಸ್ಕೃತದಲ್ಲಿ ಬರೆಯುವ ಪಂಡಿತನೊಬ್ಬನು ತೊಡಕಾದ ಸಮಾಸವನ್ನೂ ಪರದೇಶದ ಭಾಷೆಯನ್ನೂ ಒಂದೇ ಸಾಲಿನಲ್ಲಿ ದೋಷಗಳಾಗಿ ಎಣಿಸಿದುದು ಸಣ್ಣ ವಿಷಯವಲ್ಲ. ಮುಂದಿನ ಒಂಬತ್ತು ನೂರು ವರ್ಷಗಳ ಚರಿತ್ರೆಯಲ್ಲಿ ಈ ನಿಯಮವು ಅದು ಹುಟ್ಟಿದ ನಾಡಿನಲ್ಲಿ ಎಷ್ಟರಮಟ್ಟಿಗೆ ಉಳಿಯಿತು ಎಂಬುದರ ಮೇಲೆಯೇ ಅನೇಕ ಒಕ್ಕಲುಗಳ ಹೊಲಮನೆಗಳು ನಿಂತಿದ್ದುವು.

ಮೂರನೆಯ ಪಾದವಾದ ಕ್ರಿಯೆಯಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು. ಬರೆದ ಪತ್ರ, ಅನುಭವಿಸುತ್ತ ಬಂದ ಸ್ವಾಧೀನ, ಕಣ್ಣಾರೆ ಕಂಡವನ ಮಾತು. ಇವು ದೊರೆಯದಾಗ ಮಾತ್ರ ದೈವಿಕವಾದ ‘ದಿವ್ಯ’. ಅದರಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂದು ಐದು ಬಗೆ. ಗೆದ್ದವನಿಗೆ ಕೊಡುವುದು ‘ಜಯಪತ್ರ’. ಈ ಮಾತುಗಳು ಬರಿಯ ಪುಸ್ತಕದವಾಗಿರಲಿಲ್ಲವೆಂಬುದಕ್ಕೆ ಕಲಬುರಗಿ ಜಿಲ್ಲೆಯವನೇ ಆದ ಒಬ್ಬನ ಕಥೆಯು ಆಧಾರವಾಗಿದೆ. ಏಕಾಂತದ ರಾಮಯ್ಯನು ಆಳಂದದವನು. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ 1200ರ ಸುಮಾರಿಗೆ ಕಡೆಯಿಸಿದ ಶಾಸನವು ಆತನಿಗೂ ಅಲ್ಲಿಯ ಜೈನರಿಗೂ ಆದ ವಿವಾದವನ್ನು ಶೈವರ ದೃಷ್ಟಿಯಿಂದ ವರ್ಣಿಸುವುದು. ತನ್ನ ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆಯುವೆನೆಂದು ರಾಮಯ್ಯನು ಪಣವೊಡ್ಡಿದನು; ಎದುರು ಪಕ್ಷದವರು ಓಲೆಯ ಮೇಲೆ ಕರಾರು ಬರೆದುಕೊಟ್ಟರು. ಪವಾಡವು ನಡೆದ ಬಳಿಕ ಅವರು ಮಾತಿಗೆ ನಿಲ್ಲದಿರಲು ಆತನು ಜಿನಮೂರ್ತಿಯನ್ನು ಕೆಡವಿದನು. ಅವರು ಬಿಜ್ಜಳನಲ್ಲಿ ದೂರಿಕೊಂಡರು. ರಾಮಯ್ಯನು ಓಲೆಯನ್ನು ತೋರಿಸಿದನು. ಅರಸನು ತುಂಬಿದ ಸಭೆಯಲ್ಲಿ ಆತನಿಗೆ ಜಯಪತ್ರವನ್ನು ಕೊಟ್ಟನು. ಪವಾಡವನ್ನು ನಂಬುವುದೂ ಬಿಡುವುದೂ ಓದುವವರಿಗೆ ಸೇರಿದ್ದು. ಸೋತವರ ಕಡೆಯ ಮಾತು ಆ ಕಲ್ಲಿನ ಮೇಲಿಲ್ಲವೆಂಬುದನ್ನೂ ಮರೆಯಲಾಗದು. ಇಲ್ಲಿ ಮುಖ್ಯವಾದುದು ಇಷ್ಟೆ: ಶಾಸನವನ್ನು ಬರೆದವನು ಭಕ್ತಿಯ ಕಥೆಯನ್ನು ಹೇಳುವಾಗಲೂ ದೂರು, ಲಿಖಿತ, ದಿವ್ಯ, ಜಯಪತ್ರ ಎಂಬ ವ್ಯವಹಾರಕ್ರಮವನ್ನು ಬಿಟ್ಟಿಲ್ಲ. ಅದನ್ನು ಕೇಳುವ ಕನ್ನಡ ಜನರಿಗೆ ಆ ಕ್ರಮವು ತಿಳಿದಿತ್ತು.

1347ರಲ್ಲಿ ಕಲಬುರಗಿಯು ಬಹಮನೀ ಸುಲ್ತಾನರ ರಾಜಧಾನಿಯಾಯಿತು. ಅಲ್ಲಿಂದ ಮೊದಲುಗೊಂಡು ಪಾರ್ಸಿಯು ದರ್ಬಾರಿನ ಭಾಷೆಯೂ, ಅರಬೀ ಶಾಸ್ತ್ರದ ಪದಗಳು ನ್ಯಾಯದ ಪದಗಳೂ ಆದುವು. ನಡುವೆ ಬಿಜಾಪುರದ ಮೊದಲನೆಯ ಇಬ್ರಾಹೀಮ ಆದಿಲಶಹನು ಲೆಕ್ಕಪತ್ರಗಳನ್ನು ಪಾರ್ಸಿಯಿಂದ ದೇಶಭಾಷೆಗೆ ತಿರುಗಿಸಿದನೆಂದು ಫಿರಿಸ್ತಾ ಬರೆದಿರುವನು. ಅದರಿಂದ ಮರಾಠಿಯು ಕಚೇರಿಗಳನ್ನು ಹೊಕ್ಕಿತು. ಉತ್ತರ ಕರ್ನಾಟಕದ ಬಾಯಲ್ಲಿರುವ ಎಷ್ಟೋ ಪಾರ್ಸಿ ಮಾತುಗಳು ಮರಾಠಿಯ ವೇಷದಲ್ಲಿ ಬಂದುದು ಈ ಕಾರಣದಿಂದ. ಅವುಗಳ ಮೂಲಾರ್ಥಗಳನ್ನು ನೋಡಿದರೆ ಬಹು ಸಾಧಾರಣವಾದ ಮನುಷ್ಯಕಾರ್ಯಗಳೇ ಕಾಣುವುವು.

ತಕರಾರೆಂದರೆ ಅರಬೀಯಲ್ಲಿ ಪುನರುಕ್ತಿ, ಹೇಳಿದುದನ್ನೇ ಹೇಳುವುದು. ಜಗಳಕ್ಕೆ ಇದಕ್ಕಿಂತ ತಕ್ಕ ಹೆಸರು ಯಾವ ಭಾಷೆಯಲ್ಲಿಯೂ ಇರಲಾರದು. ದಾವಾ ಎಂಬುದರ ಧಾತುವಿಗೆ ಕರೆಯುವುದೆಂದರ್ಥ. ಫಿರ್ಯಾದು ಪಾರ್ಸಿಯ ‘ಫರ್ಯಾದ್’; ಅದು ಕೂಗು, ಕನ್ನಡದ ಮೊರೆ. ಯಾಜ್ಞವಲ್ಕ್ಯನ ವಾದಿಯು ರಾಜನಿಗೆ ಅರಿಕೆಮಾಡುವನು, ಪಾರ್ಸಿಯ ಫಿರ್ಯಾದಿಯು ಕೂಗಿಕೊಳ್ಳುವನು, ಕನ್ನಡದವನು ದೂರುವನು. ವಕೀಲನೆಂದರೆ ಒಬ್ಬನು ತನ್ನ ಕಾರ್ಯವನ್ನು ನಂಬಿ ಒಪ್ಪಿಸಿದ ವ್ಯಕ್ತಿ. ಕಕ್ಷಿಗಾರನು ರುಜುಹಾಕುವ ವಕಾಲತ್‌ನಾಮೆಯು ಆ ನಂಬಿಕೆಯ ಪತ್ರ. ಪ್ರತಿವಾದಿಯ ಲಿಖಿತ ಉತ್ತರಕ್ಕೆ ಮುಂಬಯಿ ಕರ್ನಾಟಕದಲ್ಲಿ ‘ಕೈಫಿಯತ್ತು’ ಎಂದು ಹೆಸರಿತ್ತು. ‘ಕೈಫ’ ಎಂದರೆ ಹೇಗೆ. ಕೈಫಿಯತ್ತೆಂದರೆ ‘ಹೇಗೆ ಆಯಿತೆಂಬುದು’. ಊರೂರಿನ ಹಳೆಯ ಸಂಗತಿಗಳನ್ನು ಮೆಕೆಂಜಿಯು ಬರೆಯಿಸಿ ಕೂಡಿಹಾಕಿದುದಕ್ಕೂ ಇದೇ ಹೆಸರು. ದಸ್ತಾವೇಜಿನಲ್ಲಿ ‘ದಸ್ತ್’ ಎಂಬ ಕೈಯಿದೆ, ದಸ್ಕತ್ತಿನಲ್ಲಿಯೂ ಅದೇ ಕೈ. ರುಜುವಾತಿನ ಮೂಲದಲ್ಲಿ ಮರಳುವಿಕೆಯಿದೆ. ಮೂಲಕ್ಕೆ ಮರಳಿ ಹೋಲಿಸಿ ನೋಡಿದರೆ ರುಜುವಾಗುವುದು. ಮಹಜರೆಂದರೆ ಹಾಜರಿರುವ ಸ್ಥಳ. ಹಾಜರೂ ಮಹಜರೂ ಒಂದೇ ಧಾತುವಿನ ಮಕ್ಕಳು. ಪಂಚನಾಮೆಯಲ್ಲಿ ಸಂಸ್ಕೃತದ ಐವರು ಪಾರ್ಸಿಯ ಪತ್ರಕ್ಕೆ ರುಜುಹಾಕಿದ್ದಾರೆ. ಶಿರಸ್ತೇದಾರನಲ್ಲಿ ಸಂಸ್ಕೃತದ ಶಿರಸ್ಸನ್ನು ಕಾಣುವವರುಂಟು. ಅದು ಪಾರ್ಸಿಯ ‘ಸರ್‌ರಿಶ್ತಾ’, ನೂಲಿನ ತುದಿ. ದಫ್ತರದ ಗಂಟಿನಲ್ಲಿ ನೂಲಿನ ತುದಿ ಯಾರ ಕೈಯಲ್ಲಿರುವುದೋ ಅವನೇ ಶಿರಸ್ತೇದಾರ. ಇದನ್ನು ಬಲ್ಲ ಕಕ್ಷಿಗಾರರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ.

ಇನ್ಸಾಫಿನ ಮೂಲವು ಇವೆಲ್ಲಕ್ಕಿಂತ ಸೊಗಸಾದುದು. ‘ನಿಸ್ಫ್’ ಎಂದರೆ ಅರ್ಧ. ಎದುರಿನವನ ಅರ್ಧವನ್ನು ಎದುರಿನವನಿಗೆ ಬಿಟ್ಟುಕೊಡುವುದು ಇನ್ಸಾಫು. ಹಾಗೆ ಮಾಡತಕ್ಕವನು ಮುನ್ಸೀಫ. ಆ ಹುದ್ದೆಯ ಹೆಸರು ಕರ್ನಾಟಕದಲ್ಲಿ ಹೋಗಿ ಸಿವಿಲ್ ಜಡ್ಜಿ ಎಂಬುದು ಬಂದಿದ್ದರೂ ಹಳಬರ ಬಾಯಲ್ಲಿ ಅದು ಉಳಿದುಕೊಂಡಿತು. ಫೈಸಲೆಂದರೆ ಬೇರ್ಪಡಿಸುವುದು, ವಜಾ ಎಂದರೆ ಕೆಳಗೆ ಇಡುವುದು, ಖಾರಿಜೆಂದರೆ ಹೊರಗೆ. ಖುಲಾಸೆಯ ಧಾತುವಿಗೆ ಶುದ್ಧವಾಗುವುದು, ಬಿಡುಗಡೆಯಾಗುವುದು ಎಂದರ್ಥ. ಜಾರಿ ಎಂದರೆ ಹರಿಯುವುದು. ಡಿಕ್ರಿಯು ಜಾರಿಯಾಗುವುದೆಂದರೆ ನೀರು ಕಾಲುವೆಯಲ್ಲಿ ಹರಿದಂತೆ ತೀರ್ಪು ಹೊಲದ ವರೆಗೆ ಹರಿದು ಬರುವುದು. ಕನ್ನಡದ ಕಿವಿಗೆ ಮಾತ್ರ ಅದು ಜಾರುವುದೆಂದು ಕೇಳಿಸುವುದು. ಅಮೀನನ ಹಿಂದೆ ವರ್ಷಗಟ್ಟಲೆ ತಿರುಗಿದವರು ಎರಡನೆಯ ಅರ್ಥವನ್ನೇ ಸರಿಯೆಂದಾರು.

ಇಂಗ್ಲಿಷಿನಿಂದ ಬಂದ ಪದಗಳಲ್ಲಿಯೂ ಇದೇ ಬಗೆ. ಕೋರ್ಟಿನ ಮೂಲವು ಲ್ಯಾಟಿನಿನಲ್ಲಿ ಬೇಲಿ ಹಾಕಿದ ಅಂಗಳ; ಸಮನ್ಸಿನ ಮೂಲವು ಮೆಲ್ಲನೆ ಎಚ್ಚರಿಸುವುದು; ಅಪೀಲೆಂದರೆ ಮತ್ತೊಬ್ಬರನ್ನು ಕರೆಯುವುದು. ಅಫಿಡವಿಟೆಂಬುದು “ಆತನು ಪ್ರಮಾಣಮಾಡಿರುವನು” ಎಂಬ ಒಂದು ಪೂರ್ಣವಾಕ್ಯ. ಸಾಕ್ಷಿ ಎಂಬ ಪದವನ್ನು ಮಾತ್ರ ಪಾರ್ಸಿಯ ‘ಗವಾಹ್’ ಆಗಲಿ ಇಂಗ್ಲಿಷಿನ ಮಾತಾಗಲಿ ಅಲುಗಿಸಲಾರದೆ ಹೋದುವು. ಸೂರ್ಯಚಂದ್ರರನ್ನು ಸಾಕ್ಷಿಯಾಗಿಟ್ಟು ಬರೆದ ದಾನಶಾಸನಗಳು ಊರೂರ ಗುಡಿಯ ಮುಂದೆ ನಿಂತಿರುವಾಗ ಆ ಮಾತನ್ನು ಮರೆಯುವುದು ಹೇಗೆ? ತೀರ್ಪೂ ಹಾಗೆಯೇ ಉಳಿಯಿತು. ತೀರುವುದರಿಂದ ತೀರ್ಪು, ಸಾಲವೂ ತೀರುವುದು, ಜಗಳವೂ ತೀರುವುದು.

ಹೀಗೆ ಬಿಡಿಬಿಡಿಯಾಗಿ ನೋಡಿದರೆ ಭಾಷೆಗಳ ಕೂಟವು ಸಂತೋಷವನ್ನೇ ಕೊಡುವುದು. ಆದರೆ ಮಾತುಗಳು ಭಾಷೆಗೆ ಬರುವುದು ಬೇರೆ, ಇಡೀ ವಿಚಾರಣೆಯೇ ಪರಭಾಷೆಯಲ್ಲಿ ನಡೆಯುವುದು ಬೇರೆ. ನಿಜಾಮರ ಸಂಸ್ಥಾನದಲ್ಲಿ 1884ರ ವರೆಗೆ ನ್ಯಾಯಾಲಯದ ಭಾಷೆಯು ಪಾರ್ಸಿಯಾಗಿದ್ದು, ಆ ವರ್ಷ ಉರ್ದುವಾಯಿತು. ಪಾರ್ಸಿಯು ಯಾರ ಮನೆಯ ಮಾತೂ ಅಲ್ಲದಿರಲು, ಉರ್ದುವು ಪೇಟೆಯಲ್ಲಿಯಾದರೂ ಕೇಳಿಬರುವ ಮಾತಾದುದರಿಂದ, ಇದನ್ನು ಸುಧಾರಣೆಯೆಂದೇ ಹೇಳಬೇಕು. ಕಲಬುರಗಿ, ಬೀದರ, ರಾಯಚೂರುಗಳ ಕನ್ನಡ ಒಕ್ಕಲಿಗನಿಗೆ ಅದು ಅರ್ಧ ಸುಧಾರಣೆ. ಅವನು ಕನ್ನಡದಲ್ಲಿ ಹೇಳಿದುದನ್ನು ಅರ್ಜಿನವೀಸನು ಉರ್ದುವಿನಲ್ಲಿ ಬರೆಯುವನು. ಬರೆದುದರ ಕೆಳಗೆ ಅವನು ಹೆಬ್ಬೆರಳನ್ನು ಒತ್ತುವನು. ಬರೆದುದೇನೆಂಬುದು ಅರ್ಜಿನವೀಸನಿಗೂ ದೇವರಿಗೂ ಗೊತ್ತು. ಮುದ್ದಈ ಎಂದರೆ ತಾನೋ ಎದುರಿನವನೋ ಎಂಬುದನ್ನೇ ತಿಳಿಯಲು ಕೆಲವರಿಗೆ ಎರಡು ವಾಯಿದೆಗಳಾದರೂ ಬೇಕಾಗಿದ್ದಿರಬೇಕು. ‘ಮುದ್ದಈ’ ಎಂಬುದು ವಾದಿ, ‘ಮುದ್ದಾಅಲೈಹ್’ ಎಂಬುದು ಪ್ರತಿವಾದಿ, ಎಂದರೆ ‘ಯಾರ ಮೇಲೆ ದಾವಾ ಆಗಿದೆಯೋ ಅವನು’. ಎರಡೂ ಮಾತುಗಳು ಒಂದೇ ರೀತಿ ಕಿವಿಗೆ ಬೀಳುವುವು. ವಿಜ್ಞಾನೇಶ್ವರನು ಬೇಡವೆಂದ ವ್ಯಾಖ್ಯಾನಕಾರನು ಇಲ್ಲಿ ಕಚೇರಿಯ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಕುಳಿತನು.

ಈ ಕಷ್ಟವು ಈ ನಾಡಿಗೆ ಮಾತ್ರ ಬಂದುದಲ್ಲ. ಇಂಗ್ಲೆಂಡಿನ ಜನರೇ ನಾರ್ಮನರ ಫ್ರೆಂಚಿನಲ್ಲಿ ವಾದವನ್ನೂ ಲ್ಯಾಟಿನಿನಲ್ಲಿ ದಾಖಲೆಯನ್ನೂ ಶತಮಾನಗಳ ಕಾಲ ಸಹಿಸಿದರು. ಜನರಿಗೆ ತಿಳಿಯದ ಭಾಷೆಯಲ್ಲಿ ವಾದಿಸಬಾರದೆಂದು 1362ರಲ್ಲಿ ಶಾಸನವಾದರೂ, ಲ್ಯಾಟಿನ್ ದಾಖಲೆಗಳು ನಿಂತುದು 1731ರಲ್ಲಿ ಆದ ಕಾಯಿದೆಯಿಂದ. ಅದೇ ಇಂಗ್ಲಿಷರು 1837ರಲ್ಲಿ ತಮ್ಮ ಸೀಮೆಯ ಕೋರ್ಟುಗಳಿಂದ ಪಾರ್ಸಿಯನ್ನು ತೆಗೆಯುವ ಕಾಯಿದೆಯನ್ನು ಮಾಡಿದರು.

ಅವರ ಮತ್ತೊಂದು ಕಾರ್ಯವನ್ನೂ ಇಲ್ಲಿ ಹೇಳಬೇಕು. ಮಿತಾಕ್ಷರೆಯ ದಾಯವಿಭಾಗವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಿರುಗಿಸಿ ಪ್ರಕಟಿಸಿದನು. ಅಲ್ಲಿಂದ ಮುಂದೆ, ಬಂಗಾಳವನ್ನು ಬಿಟ್ಟು ಬಹುತೇಕ ಭರತಖಂಡದಲ್ಲಿ ಹಿಂದೂ ಕುಟುಂಬದ ಆಸ್ತಿಯು ಮಿತಾಕ್ಷರೆಯ ಮೇರೆಗೆ ಹಂಚಲ್ಪಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿಯೂ, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿಯಲ್ಲಿಯೂ ಆ ಹೆಸರು ಇದೆ. ಆದರೆ ನ್ಯಾಯಾಧೀಶರು ವಿಜ್ಞಾನೇಶ್ವರನಿಂದ ತೆಗೆದುಕೊಂಡುದು ಪಾಲಿನ ಲೆಕ್ಕವನ್ನು ಮಾತ್ರ. ವಿಚಾರಣೆಯ ಕ್ರಮವು ಲಂಡನ್ನಿನಿಂದ ಬಂದಿತು. ನಾಲ್ಕು ಪಾದಗಳೂ ಅವ್ಯಾಖ್ಯಾಗಮ್ಯವೂ ಪುಸ್ತಕದಲ್ಲಿಯೇ ಉಳಿದುವು. ಅಣ್ಣತಮ್ಮಂದಿರಿಗೆ ಎಷ್ಟೆಷ್ಟು ಪಾಲೆಂಬುದನ್ನು ಕಲ್ಯಾಣದ ಪಂಡಿತನು ಹೇಳಬೇಕು, ಅವರು ಅದನ್ನು ಯಾವ ಮಾತಿನಲ್ಲಿ ಕೇಳಬೇಕೆಂಬುದನ್ನು ಮಾತ್ರ ಅವನು ಹೇಳಕೂಡದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿತು. 1956ರ ನವಂಬರ 1ರಂದು ಕಲಬುರಗಿಯು ಮೈಸೂರು ರಾಜ್ಯಕ್ಕೆ ಬಂದಿತು. ಉರ್ದುವು ಕಚೇರಿಯಿಂದ ಹೊರಟುಹೋಯಿತು. ಉರ್ದು ಕಾಗದಗಳು ಹೋಗಲಿಲ್ಲ. ಅಜ್ಜನ ಕಾಲದ ಖರೀದಿಪತ್ರವೂ ಹಳೆಯ ಫೈಸಲೂ ಶಿಕಸ್ತಾ ಬರಹದಲ್ಲಿರುವುದರಿಂದ, ಅವನ್ನು ಓದಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡ ಹಾಗೆಲ್ಲ ಹೊಲದ ಹಕ್ಕು ಮಂಕಾಗುವುದು. ಲಿಖಿತವು ಕೈಯಲ್ಲಿದ್ದೂ ಲಿಖಿತವಿಲ್ಲದವನಂತೆ ಭುಕ್ತಿಯನ್ನೂ ಸಾಕ್ಷಿಯನ್ನೂ ನೆಚ್ಚಬೇಕಾದವರುಂಟು.

ಪಾರ್ಸಿ ಪದಗಳನ್ನೆಲ್ಲ ತೆಗೆದು ಸಂಸ್ಕೃತ ಪದಗಳನ್ನಿಟ್ಟರೆ ನ್ಯಾಯಸ್ಥಾನವು ಸ್ವಂತದ್ದಾಗುವುದೆಂಬ ವಾದವು ಆಗಾಗ ಕೇಳಿಬರುವುದು. ಮಿತಾಕ್ಷರೆಯ ನಿಯಮದಿಂದಲೇ ಅಳೆದರೆ ಇದು ನಿಲ್ಲದು. ವಿಜ್ಞಾನೇಶ್ವರನು ಪದದ ಕುಲವನ್ನು ಕೇಳಲಿಲ್ಲ; ಪ್ರಸಿದ್ಧವೋ ಅಲ್ಲವೋ ಎಂಬುದನ್ನು ಕೇಳಿದನು. ಕಮಲಾಪುರದ ಒಕ್ಕಲಿಗನಿಗೆ ತಕರಾರು, ಜಾಮೀನು, ವಾಯಿದೆ, ಜಪ್ತಿ ಎಂಬಿವು ಪ್ರಸಿದ್ಧ; ಪ್ರತ್ಯವಸ್ಕಂದನವು ಅಪ್ರಸಿದ್ಧ. ಜಾಮೀನಿಗೆ ಕನ್ನಡದಲ್ಲಿ ಹೊಣೆಯೆಂಬ ಚೊಕ್ಕ ಮಾತಿದೆ, ಅದನ್ನು ಬಳಸುವುದಕ್ಕೆ ಅಡ್ಡಿಯಿಲ್ಲ. ಆದರೆ ‘ಪ್ರತಿಭೂತಿ’ ಎಂದು ಬರೆದರೆ ಅರ್ಜಿನವೀಸನನ್ನು ಮತ್ತೆ ಕರೆದು ಕೂರಿಸಿದಂತೆಯೇ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಳದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ಸಾಕ್ಷ್ಯದ ಕಾಯಿದೆಯ ಸ್ಥಳದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವೂ ಜಾರಿಗೆ ಬಂದಿವೆ. ಹೆಸರುಗಳು ಸಂಸ್ಕೃತ; ಜಾರಿ ಮಾತ್ರ ಇನ್ನೂ ಅರಬೀಯೇ.

ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರೀ ಪೀಠವು 2008ರಲ್ಲಿ ನೆಲೆಗೊಂಡು 2013ರಲ್ಲಿ ಖಾಯಂ ಪೀಠವಾಯಿತು. ಬೆಂಗಳೂರಿನ ವರೆಗೆ ಹೋಗಬೇಕಾಗಿದ್ದ ಕಮಲಾಪುರದ ಕಕ್ಷಿಗಾರನು ಈಗ ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆಗೆ ಊರು ಸೇರಬಹುದು. ಸಂವಿಧಾನದ 348ನೆಯ ಅನುಚ್ಛೇದದ ಮೇರೆಗೆ ಅಲ್ಲಿಯ ಕಲಾಪವು ಇಂಗ್ಲಿಷಿನಲ್ಲಿ ನಡೆಯುವುದು. ಹಿಂದಿನ ಸಾಲಿನಲ್ಲಿ ಕುಳಿತು ತನ್ನ ಹೆಸರನ್ನೂ ತನ್ನ ಊರಿನ ಹೆಸರನ್ನೂ ಗುರುತುಹಿಡಿದವನು ಹೊರಗೆ ಬಂದ ವಕೀಲರನ್ನು ತಡೆದು ನಿಲ್ಲಿಸಿ, “ಏನಾತ್ರೀ ಸಾಹೇಬ್ರೆ?” ಎಂದು ಕೇಳುವನು.